ಗಡಿಯ ರೇಡಿಯೊಗೆ ನನ್ನ ಜಾಗ

ನನ್ನ ಗಂಡನಿಗೆ ರೇಡಿಯೊ ಸ್ಟೇಷನ್ ಕೊಳ್ಳುವ ಹುಚ್ಚು ಹಿಡಿದಾಗ ಮೊದಲು ನಕ್ಕುಬಿಟ್ಟೆ. ನಮ್ಮ ಜಕ್ಕೂರಿನಲ್ಲಿ ಯಾರ ಕೈಯಲ್ಲಾದರೂ ನಾಲ್ಕು ಕಾಸು ಓಡಾಡಿದರೆ ಸೈಟು, ಬಾಡಿಗೆ ಮನೆ, ಹೆಚ್ಚೆಂದರೆ ಒಂದು ಕಲ್ಯಾಣ ಮಂಟಪ. ಇವರಿಗೆ ಮಾತ್ರ ಆಂಧ್ರದ ಗಡಿಯ ಸಂತೆಯೂರಿನಲ್ಲಿರುವ ಪುಟಾಣಿ ಸ್ಟೇಷನ್ ಬೇಕಂತೆ.

"ಎರಡೂ ಕಡೆ ಅಂಗಡಿಯವರು ಜಾಹೀರಾತು ಕೊಡ್ತಾರೆ ಕಣೇ, ಕನ್ನಡದಲ್ಲೂ ತೆಲುಗಲ್ಲೂ. ಓನರ್ ಶಿವಶರಣಪ್ಪನೋರಿಗೆ ವಯಸ್ಸಾಯ್ತು, ಮಾರ್ತಿದಾರೆ," ಎಂದರು ಅಶ್ವತ್ಥ್.

ದುಡ್ಡು ಎಲ್ಲಿಂದ ಎಂದು ಕೇಳಿದಾಗ ನನ್ನ ನಗು ನಿಂತಿತು. ಕೆರೆಯ ಹಿಂದೆ, ಮದುವೆಯಲ್ಲಿ ತವರಿನವರು ನನಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಜಾಗವಿದೆ. ಅದನ್ನು ಮಾರಬೇಕಂತೆ. ನಾನು ಸಹಿ ಹಾಕದೆ ಅಲ್ಲಿಯ ಹಿಡಿ ಮಣ್ಣೂ ಅಲ್ಲಾಡುವುದಿಲ್ಲ.

ಜಾಗದ ಮಾತು ಹಾಗಿರಲಿ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ಇವರು ಆ ಊರಿನ ಪಕ್ಕ ಲೇಔಟ್ ಮಾಡಿಸುತ್ತಿದ್ದಾರೆ, ದಿನಾ ಕಾರಿನಲ್ಲಿ ಹೋಗುತ್ತಾರೆ. ಬೆಳಗಿನ ಹೊತ್ತು ಆ ರೇಡಿಯೊದಲ್ಲಿ ಮಾತಾಡುವವಳು ಮಲ್ಕಾ. ಒಮ್ಮೆ ಜೊತೆಗೆ ಹೋಗಿದ್ದಾಗ ಕೇಳಿದ್ದೆ. ಬೆಲ್ಲದ ಪಾಕದಂಥ ದನಿ. "ಏನ್ ಸಮಾಚಾರ, ತಿಂಡಿ ಆಯ್ತಾ?" ಎಂದು ಅವಳು ಊರಿಗೆಲ್ಲ ಕೇಳಿದರೆ ನನ್ನ ಗಂಡ ಮುಗುಳ್ನಗುತ್ತಿದ್ದರು! ಮನೆಯಲ್ಲಿ ಅದನ್ನೇ ನಾನು ಕೇಳಿದರೆ "ಹ್ಞೂಂ". ಉಪ್ಪು ಜಾಸ್ತಿಯಾಯ್ತಾ ಎಂದರೂ "ಹ್ಞೂಂ". ಮೊದಲು ಹೀಗಿರಲಿಲ್ಲ. ಏಳು ತಿಂಗಳಿಗೆ ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು; ಆಮೇಲೆ ಇವರ ಬಾಯಿಗೆ ಬೀಗ ಬಿತ್ತು.

"ಸ್ಟೇಷನ್ ನೋಡ್ದೆ ಸಹಿ ಹಾಕಲ್ಲ ರೀ," ಎಂದೆ. ನಾನು ನೋಡಬೇಕಿದ್ದದ್ದು ಸ್ಟೇಷನ್ನನ್ನಲ್ಲ. ಹೆಣ್ಣು ನೋಡಲು ಹೋಗುವವಳ ಹಾಗೆ ಇದ್ದಬದ್ದ ಒಡವೆಯನ್ನೆಲ್ಲ ಹಾಕಿಕೊಂಡು ಹೊರಟೆ.

ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ, ಅದೇ ಸ್ಟೇಷನ್. ಇವರಿಗೆ ಜಮೀನು ನೋಡಿಯೇ ಅಭ್ಯಾಸ. ಬಾಗಿಲು ಯಾವ ದಿಕ್ಕು, ಬೋರ್‌ವೆಲ್ ಇದೆಯಾ ಎಂದು ಶಿವಶರಣಪ್ಪನವರನ್ನು ಕೇಳಿದರು. "ಗಾಳೀಲಿ ಹೋಗೋ ಮಾತಿಗೆ ಬೋರ್‌ವೆಲ್ ಯಾಕ್ರೀ ಸ್ವಾಮಿ?" ಎಂದು ಮುದುಕರು ನಕ್ಕರು. ಲೈಸೆನ್ಸು, ಟವರಿನ ಬಾಡಿಗೆ, ಸಂತೆಯ ದಿನ ಮಾತ್ರ ಬರುವ ಜಾಹೀರಾತು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನನ್ನ ಕಣ್ಣು ಗಾಜಿನ ಆಚೆ ಕೂತವಳ ಮೇಲಿತ್ತು. ಚೆಂದವಾಗಿದ್ದಳು, ಹಾಳಾದವಳು.

ಮಲ್ಕಾ ಹೊರಗೆ ಬಂದಾಗ ಅವಳಿಗೆ ಇವರ ಗುರುತೇ ಹತ್ತಲಿಲ್ಲ. ಇವರು "ನಮಸ್ಕಾರ ಮೇಡಂ" ಎಂದದ್ದೇ ತಡ, ಅವಳ ಮುಖ ಅರಳಿತು.

"ಅಯ್ಯೋ, ಜಕ್ಕೂರು ಅಣ್ಣ ಅಲ್ವಾ! ದನಿ ಕೇಳಿ ಗೊತ್ತಾಯ್ತು." ನನ್ನ ಕಡೆ ತಿರುಗಿದಳು. "ಅಕ್ಕ, ಇವರು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ರೆ ಸಂತೇಲಿ ಯಾರೂ ತಕ್ಕಡಿ ಮುಟ್ಟಲ್ಲ, ಕೇಳ್ತಾ ನಿಂತ್ಬಿಡ್ತಾರೆ. ವಸುಧಾ ವಿಷಯ ಹೇಳಿದ ದಿನ ನಾನೂ ಅತ್ಬಿಟ್ಟೆ."

"ಯಾವ ವಸುಧಾ?" ಒಬ್ಬಳು ಸಾಲದೆ ಇನ್ನೊಬ್ಬಳೂ!

ಮಲ್ಕಾ ಇವರ ಮುಖ ನೋಡಿದಳು. ಇವರು ನೆಲ ನೋಡಿದರು.

"ನಿಮ್ಮ ಮಗು, ಅಕ್ಕ," ಎಂದಳು ಮೆಲ್ಲಗೆ. "ಹೋಯ್ತಲ್ಲ, ಅದು. ವಸುಧಾ ಅಂತ ಹೆಸರಿಟ್ಟಿದ್ರಂತೆ."

ನಮ್ಮಲ್ಲಿ ಹುಟ್ಟದ ಕೂಸಿಗೆ ಹೆಸರಿಡುವುದಿಲ್ಲ. ಇಟ್ಟರೆ ಕೂಸು ನಿಲ್ಲುವುದಿಲ್ಲ ಎನ್ನುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ನಮ್ಮತ್ತೆ ಅಟ್ಟದಿಂದ ತೊಟ್ಟಿಲನ್ನೂ ಇಳಿಸಲು ಬಿಟ್ಟಿರಲಿಲ್ಲ. ಇವರು ಯಾರಿಗೂ ಹೇಳದೆ ಹೆಸರಿಟ್ಟಿದ್ದರು.

ಕೆಳಗೆ ಟೀ ಅಂಗಡಿಯ ಬೈರಮ್ಮನೂ ಇವರ ದನಿ ಗುರುತು ಹಿಡಿದು ನಮ್ಮಿಂದ ಕಾಸು ಮುಟ್ಟಲಿಲ್ಲ. ಇವರು ಕಾರು ತರಲು ಹೋದಾಗ ನನ್ನ ಕೈ ಹಿಡಿದಳು. "ಎಸ್ರಿಟ್ಟಿದ್ಕೇ ಮಗು ಓಯ್ತು ಅನ್ಕೊಂಡವ್ರೆ ನಿಮ್ಮೆಜಮಾನ್ರು ಕಣವ್ವ. ಅಂಗೆಲ್ಲ ಏನಿಲ್ಲ ಅಂತ ನೀನಾದ್ರೂ ಏಳವ್ವ."

ಈಗ ನನ್ನ ಹೊಟ್ಟೆಕಿಚ್ಚು ಮಲ್ಕಾಳೊಬ್ಬಳ ಮೇಲಲ್ಲ, ಇಡೀ ಊರಿನ ಮೇಲೆ ತಿರುಗಿತು. ಹೊತ್ತವಳು ನಾನು, ಕಳೆದುಕೊಂಡವಳು ನಾನು. ನನ್ನ ಮಗುವಿನ ಹೆಸರು ಟೀ ಅಂಗಡಿಗೆ ಗೊತ್ತು, ಈರುಳ್ಳಿ ಮಾರುವವರಿಗೆ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ!

ಕಾರು ಊರು ದಾಟಿತು. ಆಮೇಲೆ ತಡೆಯಲಾಗಲಿಲ್ಲ.

"ಜಾಗ ಕೊಡಲ್ಲ. ಊರೋರ ಹತ್ರ ನೀವು ಮಾತಾಡೋಕೆ ನನ್ನ ಅರಿಶಿನ ಕುಂಕುಮ ಯಾಕ್ರೀ ಮಾರ್ಬೇಕು? ನಾನೇನ್ ಸತ್ತೋಗಿದ್ನಾ?"

ಇವರು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿದರು. "ಬೇರೆಯೋರು ತಗೊಂಡ್ರೆ ಆ ಕಾರ್ಯಕ್ರಮ ನಿಲ್ಲಿಸಿ ಬರೀ ಹಾಡು ಹಾಕ್ತಾರೆ ಶಾಂತಲಾ. ಅಲ್ಲಿ ಯಾರ ಮುಖಾನೂ ಕಾಣಲ್ಲ, ಮಾತು ಬರುತ್ತೆ. ನಿನ್ನ ಮುಖ ನೋಡ್ಕೊಂಡು ಹೇಳಕ್ಕಾಗಲ್ಲ ಕಣೇ."

ನಾನು ಸೆರಗನ್ನು ತಲೆಯ ಮೇಲಿಂದ ಗಲ್ಲದವರೆಗೂ ಎಳೆದುಕೊಂಡೆ.

"ಈಗ ಕಾಣಲ್ಲ," ಎಂದೆ. "ಹೇಳಿ."

ಪಕ್ಕದಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಇವರು ಕಿಟಕಿಯ ಗಾಜು ಏರಿಸಿದ ಸದ್ದಾಯಿತು.

"ಹಲೋ," ಎಂದರು. "ನಾನು ವಸುಧಾ ಅಪ್ಪ ಮಾತಾಡ್ತಿರೋದು."