ಮುರುಗಪ್ಪನವರ ಬಿಸಿನೀರ ಬುಗ್ಗೆ

ಹೊಳಲ್ಕೆರೆಯ ಎಣ್ಣೆಮಿಲ್ಲಿನ ಮುರುಗಪ್ಪನವರು ಯಾತ್ರಾ ಸ್ಪೆಷಲ್ ರೈಲಿನಲ್ಲಿ ಕೇದಾರಕ್ಕೆ ಹೋಗಿಬಂದು ಎರಡು ವರ್ಷವಾಗಿದ್ದರೂ, ಬಾಯಿಯ ಮಟ್ಟಿಗೆ ಅವರಿನ್ನೂ ಊರಿಗೆ ವಾಪಸಾಗಿರಲಿಲ್ಲ. ಮಾತು ಎಲ್ಲಿಂದ ಶುರುವಾದರೂ ಗೌರೀಕುಂಡಕ್ಕೆ ಹೋಗಿ ನಿಲ್ಲುತ್ತಿತ್ತು. ಶೇಂಗಾ ರೇಟು ಕೇಳಲು ಬಂದವನಿಗೂ, ಸಾವಿನ ಮನೆಯಲ್ಲಿ ಪಕ್ಕ ಕೂತವನಿಗೂ ಅದೇ ಕಥೆ. ಸುತ್ತ ಹಿಮ, ನಡುವೆ ಕುದಿಯುವ ನೀರು, ಕುತ್ತಿಗೆವರೆಗೆ ಮುಳುಗಿ ಕಣ್ಣುಬಿಟ್ಟರೆ ಎದುರಿಗೆ ಬೆಳ್ಳಿಯಂಥ ಬೆಟ್ಟ. ಎದ್ದು ಬಂದಮೇಲೆ ಮಂಡಿನೋವು ಮಂಗಮಾಯ! ಆ ಮಂಗಮಾಯವಾದ ಮಂಡಿಗೆ ದಿನಾ ಹರಳೆಣ್ಣೆ ತಿಕ್ಕುತ್ತಿದ್ದವಳು ಅವರ ಹೆಂಡತಿ ಪಾರ್ವತಮ್ಮ.

ಗೌರೀಕುಂಡಕ್ಕೆ ಅವಳೂ ಹೋಗಿದ್ದಳು. ಸಾಕ್ಷಾತ್ ಪಾರ್ವತಿಯೇ ಮಿಂದ ಜಾಗವಂತೆ ಅದು. ಹೊಳಲ್ಕೆರೆಯ ಪಾರ್ವತಮ್ಮ ಮಾತ್ರ ಮೆಟ್ಟಿಲ ಮೇಲೆ ಕೂತು ಗಂಟುಮೂಟೆ, ಚಪ್ಪಲಿ ಮತ್ತು ಗಂಡನ ಕೈಗಡಿಯಾರ ಕಾಯ್ದಳು. "ನಾನು ಬಂದ್ಮ್ಯಾಲೆ ನೀನು ಹೋಗುವಂತೆ" ಎಂದು ಇಳಿದವರು ಎದ್ದು ಬರುವಷ್ಟರಲ್ಲಿ ಜೊತೆಯವರೆಲ್ಲ ಹೊರಟು ನಿಂತಿದ್ದರು.

ಮನೆಯಲ್ಲೂ ಅದೇ ಪದ್ಧತಿ. ನಸುಕಿಗೆ ಎದ್ದು ಹಿತ್ತಲ ಬಾವಿಯಿಂದ ನೀರು ಸೇದಿ, ಬಚ್ಚಲಿನ ಹಂಡೆ ತುಂಬಿಸಿ, ಶೇಂಗಾ ಹೊಟ್ಟು ಉರಿಸಿ ನೀರು ಕಾಯಿಸುವವಳು ಪಾರ್ವತಮ್ಮ. ಮೊದಲು ಗಂಡ, ಆಮೇಲೆ ಮೈದುನ, ಆಮೇಲೆ ಮಕ್ಕಳು, ನೆಂಟರಿದ್ದರೆ ನೆಂಟರು. ಅವಳ ಸರದಿ ಬರುವಾಗ ಒಲೆ ಆರಿರುತ್ತಿತ್ತು, ಹಂಡೆಯ ತಳದಲ್ಲಿ ಬೂದಿ ಬಿದ್ದ ನಾಲ್ಕು ಚೊಂಬು ನೀರು ಇರುತ್ತಿತ್ತು. ಬಂಗಾರ, ರೇಷ್ಮೆ ಯಾವುದನ್ನೂ ಅವಳು ಬಾಯಿಬಿಟ್ಟು ಕೇಳಿದವಳಲ್ಲ. ಅವಳಿಗಿದ್ದದ್ದು ಒಂದೇ ಆಸೆ. ಹಬೆಯಾಡುವ ನೀರು, ಬೇರೆ ಯಾರೂ ಮುಟ್ಟಿರದ ನೀರು, ಸಾಕು ಅನ್ನುವವರೆಗೆ ಮೈಮೇಲೆ ಬೀಳಬೇಕು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆಂದು ಸುಮ್ಮನಿದ್ದಳು.

ಎಪ್ಪತ್ತೆಂಟರ ಸಂಕ್ರಾಂತಿಗೆ ಸ್ವಲ್ಪ ಮುಂಚೆ ಮುರುಗಪ್ಪ ಶೇಂಗಾ ನೋಡಲು ಹೊಸದುರ್ಗದ ಕಡೆ ಹೋದವರು ಬಾಗೂರಿನ ಹತ್ತಿರ ರಾತ್ರಿ ಉಳಿದು, ಬೆಳಗಿನ ಜಾವವೇ ಜೀಪು ಹತ್ತಿದರು. ದಾರಿಯಲ್ಲಿ ಒಂದು ಗುಡ್ಡದ ಬುಡದಲ್ಲಿ ಬಂಡೆಯ ಸೀಳಿನಿಂದ ನೀರು ಜಿನುಗಿ ಸಣ್ಣ ಹೊಂಡವಾಗಿತ್ತು. ಹೊಂಡದ ಮೇಲೆ ಬೆಳ್ಳಗೆ ಹಬೆ. ಮುರುಗಪ್ಪ ಜೀಪಿನಿಂದ ಇಳಿದು ಕೈ ಅದ್ದಿದರು. ಬೆಚ್ಚಗೆ! ಅಲ್ಲಿಂದ ಮನೆಯವರೆಗೆ ಡ್ರೈವರಿಗೆ ಸುಮ್ಮನೆ ಗಾಡಿ ಓಡಿಸಲು ಬಿಡಲಿಲ್ಲ.

"ಲೇ ಪಾರ್ವತಿ, ನಮ್ಮ ಜಿಲ್ಲೆಯಾಗೇ ಐತೆ ಕಣೇ ಗೌರೀಕುಂಡ! ಇಷ್ಟು ದಿನ ಒಬ್ಬ ಮುಠ್ಠಾಳನ ಕಣ್ಣಿಗೂ ಬಿದ್ದಿಲ್ಲ. ವರ್ತಕರ ಸಂಘದ ಅಧ್ಯಕ್ಷರನ್ನ ಕರ್ಕಂಡು ಹೋಗಿ ಸ್ನಾನ ಮಾಡಿಸ್ತೀನಿ. ನನ್ನ ಹೆಸರಿನ ಬೋರ್ಡು ಹಾಕಿಸ್ತೀನಿ."

ಪಾರ್ವತಮ್ಮನಿಗೆ ಅಲ್ಲೇ ಅರ್ಥವಾಯಿತು. ಚಳಿಗಾಲದ ನಸುಕಿನಲ್ಲಿ ಅವರ ಹಿತ್ತಲ ಬಾವಿಯೂ ಹೀಗೇ ಹಬೆಯಾಡುತ್ತದೆ. ಸೇದಿದ ನೀರು ಕೈಗೆ ಬೆಚ್ಚಗೇ ಇರುತ್ತದೆ, ಬಿಸಿಲೇರಿದ ಮೇಲೆ ಅದೇ ನೀರು ಚುಳ್ಳೆನ್ನುತ್ತದೆ. ನಾಡಿನ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ ಇದು. ಹುಟ್ಟಿದಾಗಿನಿಂದ ಒಂದು ಕೊಡ ನೀರು ಸೇದದ, ಕಾದ ನೀರಿನ ಮುಂದೆ ಹೋಗಿ ಕೂತೇ ಗೊತ್ತಿರುವ ಮುರುಗಪ್ಪನವರಿಗೆ ಹೇಗೆ ಗೊತ್ತಾಗಬೇಕು?

ಹೇಳೋಣವೆಂದು ಬಾಯಿ ತೆರೆದಳು. ಆದರೆ ನಸುಕಿನಲ್ಲಿ ಹೋದರೆ ಉಗುರುಬೆಚ್ಚಗಾದರೂ ಇರುತ್ತದಲ್ಲ, ತಾನು ಸೇದದ, ತಾನು ಕಾಯಿಸದ ನೀರು ಹೊಂಡದ ತುಂಬ ಇರುತ್ತದಲ್ಲ ಅನ್ನಿಸಿ ಬಾಯಿ ಮುಚ್ಚಿದಳು.

"ನಾನೂ ಬರ್ತೀನ್ರಿ. ಈ ಸಲ ನಾನೂ ನೀರಿಗೆ ಇಳೀಬೇಕು" ಎಂದಳು.

"ನೀನು ಬರ್ದೆ ಅಡಿಗೆ ಯಾರು ಮಾಡ್ತಾರೆ? ಎಲ್ಲರದೂ ಆದ್ಮ್ಯಾಲೆ ಇಳಿಯುವಂತೆ ಬಿಡು."

ಗೊತ್ತುಮಾಡಿದ ದಿನ ಕತ್ತಲಿರುವಾಗಲೇ ಗಂಡಹೆಂಡಿರು ಮಿಲ್ಲಿನ ಲಾರಿಯಲ್ಲಿ ಉಪ್ಪಿಟ್ಟಿನ ರವೆ, ಸೌದೆ, ದೊಡ್ಡ ಕೊಪ್ಪರಿಗೆ ಹೇರಿಕೊಂಡು ಮುಂದಾಗಿ ಹೋದರು. ಮುಂಚಿನ ದಿನ ಆಳುಗಳು ಹೊಂಡದ ಸುತ್ತ ಸುಣ್ಣ ಹೊಡೆದು ಮಾವಿನ ತೋರಣ ಕಟ್ಟಿದ್ದರು. ಆ ಹೊತ್ತಿಗೆ ಆ ಜಾಗ ನಿಜಕ್ಕೂ ಚೆನ್ನಾಗಿತ್ತು. ಗುಡ್ಡಕ್ಕೆ ಮಂಜು ಹೊದ್ದಿತ್ತು, ಕೆಳಗೆ ಬಿಳಿಜೋಳದ ಹೊಲ ತೆನೆ ಬಾಗಿಸಿ ನಿಂತಿತ್ತು, ಹೊಂಡದ ಮೇಲೆ ಹಬೆ ತೆಳ್ಳಗೆ ಓಡಾಡುತ್ತಿತ್ತು. ಪಾರ್ವತಮ್ಮ ಸೆರಗು ಸಿಕ್ಕಿಸಿ ಒಂದು ಕಾಲು ಇಳಿಸಿದಳು. ಪಾದಕ್ಕೆ ಹಿತವಾಯಿತು.

"ಏಯ್, ಮೇಲಕ್ಕೆ ಬಾ! ಅಧ್ಯಕ್ಷರು ಇಳಿಯೋಕೆ ಮುಂಚೆ ಎಂಜಲು ಮಾಡ್ತೀಯಾ?" ಎಂದು ಮುರುಗಪ್ಪ ಗದರಿದರು.

ಪಾರ್ವತಮ್ಮ ಕಾಲು ತೆಗೆದಳು. ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಈರುಳ್ಳಿ ಹೆಚ್ಚಲು ಕೂತಳು.

ಅಧ್ಯಕ್ಷ ಮರುಳಸಿದ್ದಪ್ಪನವರು ದೊಡ್ಡವರಲ್ಲವೇ, ಹೊತ್ತಿಗೆ ಸರಿಯಾಗಿ ಬಂದರೆ ಅವರ ಮರ್ಯಾದೆ ಏನಾಗಬೇಕು? ಬಿಸಿಲು ಬಂಡೆಯ ನೆತ್ತಿಗೆ ಬಂತು. ಹಬೆ ಹೋಯಿತು. ಮುರುಗಪ್ಪ ಕೈ ಅದ್ದಿ ನೋಡಿದವರು ಚೇಳು ಕುಟುಕಿದಂತೆ ಹಿಂದಕ್ಕೆಳೆದುಕೊಂಡರು.

"ಏನಾತೇ ಇದು? ಬೆಳಿಗ್ಗೆ ಕಾದಿತ್ತಲ್ಲೇ!"

"ಚಳಿಗಾಲದಾಗೆ ನಮ್ಮ ಹಿತ್ತಲ ಬಾವೀನೂ ಹಿಂಗೇ ರೀ" ಎಂದಳು ಪಾರ್ವತಮ್ಮ, ಕೊತ್ತಂಬರಿ ಬಿಡಿಸುತ್ತಾ.

"ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?"

"ನೀವು ಕೇಳಿದ್ರಾ?"

ಮುರುಗಪ್ಪನವರ ಮುಖ ಇಳಿಯಿತು. ನೋಡಲು ಪಾಪ ಅನ್ನಿಸುವಂತಿತ್ತು, ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಅವರ ಕಣ್ಣು ಕೊಪ್ಪರಿಗೆಯ ಮೇಲೆ ಬಿತ್ತು.

"ಬಂಡೆ ಹಿಂದೆ ಒಲೆ ಹೂಡು. ಕೊಪ್ಪರಿಗೆ ತುಂಬ ನೀರು ಕಾಯ್ಸು. ನಾನು ಕೆಮ್ಮಿದ ತಕ್ಷಣ ಮೇಲಿನಿಂದ ಸೀಳಿನಾಗೆ ಸುರಿ."

"ಒಂದು ಕೊಪ್ಪರಿಗೆಗೆ ಹೊಂಡ ಕಾಯ್ತೈತೇನ್ರಿ?"

"ಹೊಂಡ ಯಾಕೆ ಕಾಯಬೇಕು? ಅಧ್ಯಕ್ಷರು ಕುಂತ್ಕಳೋ ಜಾಗ ಕಾದ್ರೆ ಸಾಕು!"

ಹೀಗೆ, ದೇವರು ಕಾಯಿಸಬೇಕಾದ ನೀರನ್ನೂ ಕಾಯಿಸುವ ಕೆಲಸ ಪಾರ್ವತಮ್ಮನ ಪಾಲಿಗೆ ಬಂತು. ಅವಳು ಬಂಡೆಯ ಹಿಂದೆ ಮೂರು ಕಲ್ಲು ಹೂಡಿದಳು. ಅಲ್ಲೇ ಕುರಿ ಬಿಟ್ಟುಕೊಂಡಿದ್ದ ಹಟ್ಟಿಯ ಪಾಲಮ್ಮ ನೀರು ಹೊತ್ತು ಕೊಟ್ಟಳು.

"ಯಾಕವ್ವಾ, ಇಷ್ಟೊಂದು ನೀರು ಕಾಯ್ಸೋದು? ಬಾಣಂತಿ ಯಾರಾದ್ರೂ ಅದಾರಾ?" ಎಂದು ಕೇಳಿದಳು.

ಪಾರ್ವತಮ್ಮ ವಿಷಯ ಹೇಳಿದಾಗ ಪಾಲಮ್ಮ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. "ಅಯ್ಯೋ ನಮ್ಮವ್ವಾ! ಉಣ್ಣೆ ಕತ್ತರಿಸೋಕೆ ಅಂತ ಮೊನ್ನೆ ತಾನೇ ಮಂದೆ ಕುರಿನೆಲ್ಲಾ ಇದೇ ಹೊಂಡದಾಗೆ ತೊಳೆದೀವಿ!"

ಪಾರ್ವತಮ್ಮನಿಗೂ ನಗು ಬಂತು. ಎಷ್ಟು ಕಾಲದ ಮೇಲೆ ಅಷ್ಟು ನಕ್ಕಳೋ ಅವಳಿಗೇ ನೆನಪಿರಲಿಲ್ಲ.

ನೀರು ಹದವಾಗಿ ಕಾದಿತ್ತು. ಕೊಪ್ಪರಿಗೆಯ ಬಾಯಿಯಿಂದ ಹಬೆ ದಟ್ಟವಾಗಿ ಏಳುತ್ತಿತ್ತು. ಅಷ್ಟರಲ್ಲಿ ಆ ಕಡೆ ವ್ಯಾನಿನ ಹಾರನ್ನು ಕೇಳಿಸಿತು. ಹಾರ, ತೆಂಗಿನಕಾಯಿ, ಭಾಷಣ. ಗೌರೀಕುಂಡದ ಕಥೆ ಮತ್ತೊಮ್ಮೆ. ಕೊನೆಗೆ ಅಧ್ಯಕ್ಷರು ಪಂಚೆ ಎತ್ತಿಕಟ್ಟಿ ಹೊಂಡದ ಹತ್ತಿರ ಬಂದ ಸದ್ದು. ಮುರುಗಪ್ಪ ಕೆಮ್ಮಿದರು.

ಪಾರ್ವತಮ್ಮ ಚೊಂಬು ಅದ್ದಿ ನೀರು ತೆಗೆದಳು. ಸೀಳಿನ ಕಡೆ ಒಮ್ಮೆ ನೋಡಿದಳು, ಚೊಂಬಿನ ಕಡೆ ಒಮ್ಮೆ ನೋಡಿದಳು.

"ಪಾಲಮ್ಮ, ಆ ಕಂಬಳಿ ಸ್ವಲ್ಪ ಅಡ್ಡ ಹಿಡ್ಕಳೇ" ಎಂದಳು.

ಮೊದಲ ಚೊಂಬು ತಲೆಯ ಮೇಲೆ ಬಿದ್ದಾಗ ಅವಳ ಬಾಯಿಂದ "ಶಿವನೇ" ಎಂಬ ಮಾತು ತಾನಾಗಿ ಬಂತು. ಎರಡನೆಯದು ಬೆನ್ನಿಗೆ. ಕೊಡ ಹೊತ್ತು ಹೊತ್ತು ಕಲ್ಲಾಗಿದ್ದ ಸೊಂಟಕ್ಕೆ ಮೂರನೆಯದು. ಆ ಕಡೆ ಮುರುಗಪ್ಪ ಕೆಮ್ಮುತ್ತಲೇ ಇದ್ದರು.

"ನೆಗಡಿ ಜೋರಾಗೈತೆ ನಿಮಗೆ. ಮೆಣಸಿನ ಕಷಾಯ ಕುಡೀರಿ" ಎಂದು ಯಾರೋ ಹೇಳಿದ್ದು ಕೇಳಿಸಿತು.

ಆಮೇಲೆ ದಬಕ್ಕೆಂದು ಸದ್ದು. ಅಧ್ಯಕ್ಷರು ಇಳಿದಿದ್ದರು. "ಬ... ಬಿಸಿ ಚೆನ್ನಾಗೈತೆ ಮುರುಗಪ್ಪನೋರೆ" ಎಂಬ ದನಿ ಬಂತು, ಹಲ್ಲು ಕಟಕಟ ಕಡಿಯುವ ಸದ್ದಿನ ಜೊತೆ. ಅಧ್ಯಕ್ಷರೇ ಬಿಸಿ ಎಂದಮೇಲೆ ಉಳಿದವರ ನೀರು ತಣ್ಣಗಿರಲು ಸಾಧ್ಯವೇ? ಒಬ್ಬೊಬ್ಬರೇ ಇಳಿದು ನಡುಗುತ್ತಾ ಹೊಗಳಿದರು. ಒಬ್ಬರು ಮೂರು ಬೊಗಸೆ ತೀರ್ಥವನ್ನೂ ತೆಗೆದುಕೊಂಡರು. ಪಾಲಮ್ಮ ಕಂಬಳಿಯನ್ನು ಬಾಯಿಗೆ ತುರುಕಿಕೊಂಡಳು.

ಕೊಪ್ಪರಿಗೆ ಬರಿದಾಗುವವರೆಗೆ ಪಾರ್ವತಮ್ಮ ಮಿಂದಳು. ಉಟ್ಟದ್ದನ್ನು ಬದಲಿಸಿ, ಕೂದಲು ಬಿಟ್ಟುಕೊಂಡು ಬಂಡೆ ಬಳಸಿ ಈಚೆ ಬಂದಳು. ಅವಳ ತಲೆಯಿಂದ ಇನ್ನೂ ಹಬೆ ಏಳುತ್ತಿತ್ತು. ಹೊಂಡದಲ್ಲಿ ನೀಲಿಗಟ್ಟಿ ಕೂತಿದ್ದ ಗಂಡಸರೆಲ್ಲ ಆ ಹಬೆಯನ್ನೇ ನೋಡಿದರು. ಮುರುಗಪ್ಪನವರಿಗೆ ಈ ಸಲ ನಿಜವಾದ ಕೆಮ್ಮೇ ಹತ್ತಿತು.

ಮರುಳಸಿದ್ದಪ್ಪನವರು ತಡೆಯಲಾರದೆ ಕೇಳಿದರು: "ಅಕ್ಕಾರೆ, ನೀವೆಲ್ಲಿ ಸ್ನಾನ ಮಾಡಿದ್ರಿ?"

"ಬಂಡೆ ಹಿಂದೆ ಕೊಪ್ಪರಿಗೆ ಐತೆ, ಸೌದೆನೂ ಐತೆ" ಎಂದಳು ಪಾರ್ವತಮ್ಮ. "ನಂದು ಆಯ್ತು. ಬಿಸಿನೀರು ಬೇಕಾದೋರು ನೀರು ಹೊತ್ತುಹಾಕಿ ಉರಿ ಹಚ್ಕಳ್ರಿ."

ಬಿಸಿಲಿಗೆ ಬೆನ್ನು ಕೊಟ್ಟು, ಕೂದಲು ಹರವಿಕೊಂಡು ಬಂಡೆಯ ಮೇಲೆ ಕೂತಳು. ಎದುರಿಗೆ ಗುಡ್ಡ ಕಾಣುತ್ತಿತ್ತು. ಮುರುಗಪ್ಪ ಒದ್ದೆ ಪಂಚೆಯಲ್ಲಿ ಬಂದು, "ಉಪ್ಪಿಟ್ಟು?" ಎಂದು ಮೆಲ್ಲಗೆ ಕೇಳಿದರು. "ಅದಕ್ಕೂ ನೀರು ಕಾಯಬೇಕಲ್ಲ" ಎಂದಳು ಪಾರ್ವತಮ್ಮ.