ಬೆಳ್ಳುಳ್ಳಿ ಎಣ್ಣೆ

ಅತ್ತೆ ಕಾಶಮ್ಮನ ಕೈಯಲ್ಲಿ ಒಗ್ಗರಣೆ ಸೌಟು ಕಂಡದ್ದೇ, ರಶ್ಮಿಗೆ ಹಿರಿಯರು ಕಿರಿಯರು ಎಂಬುದೆಲ್ಲ ಮರೆತುಹೋಯಿತು.

ನಾಲ್ಕು ವರ್ಷದ ಮಗಳು ಚಿನ್ಮಯಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ ಬಲಗಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಕೇಳಿಸುವ ಸಾಧನ ಕೂರಿಸಿದ್ದರು. ಅದಕ್ಕೆ ಜೋಡಿಯಾದ ಹೊರಗಿನ ಮಿಷನ್ ಕಿವಿಯ ಹಿಂದೆ ಹಾಕಿದರೆ ಮಗುವಿಗೆ ಕೇಳುತ್ತಿತ್ತು, ತೆಗೆದರೆ ಏನೂ ಇಲ್ಲ. ಇವತ್ತು ಬೆಳಿಗ್ಗೆ ಜ್ವರ ಬಂದು, ಆ ಕಿವಿಯ ಹಿಂದೆಯೇ ಕೆಂಪಗೆ ಊದಿಕೊಂಡಿತ್ತು. ಶಿವಮೊಗ್ಗದ ಡಾಕ್ಟರು ಫೋನಿನಲ್ಲಿ, "ಈಗ್ಲೇ ಹೊರಡಿ. ಸೋಂಕು ಒಳಗಿಳಿದ್ರೆ ಇಂಪ್ಲಾಂಟೇ ತೆಗೀಬೇಕಾಗುತ್ತೆ. ಮಿದುಳಿಗೂ ಹೋಗ್ಬಹುದು. ಕಿವಿಗೆ ಏನೂ ಹಾಕ್ಬೇಡಿ" ಎಂದಿದ್ದರು. ರಶ್ಮಿ ಆಸ್ಪತ್ರೆ ಫೈಲು ತರಲು ಮಹಡಿಗೆ ಹೋಗಿದ್ದು ಐದೇ ನಿಮಿಷ.

ಅಷ್ಟರಲ್ಲಿ ಕಾಶಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದ್ದರು. ಭದ್ರಾವತಿಯ ಆ ಮನೆಯಲ್ಲಿ ಕಿವಿನೋವಿಗೆ ಮೂರು ತಲೆಮಾರಿನಿಂದ ಅದೇ ಮದ್ದು. ಮಗುವನ್ನು ಮಂಡಿಗಳ ನಡುವೆ ಅಮುಕಿ, ತಲೆ ವಾಲಿಸಿ, ಸೌಟು ಬಗ್ಗಿಸುತ್ತಿದ್ದರು.

ರಶ್ಮಿ ನುಗ್ಗಿ ಸೌಟಿಗೆ ಹೊಡೆದಳು. ಎಣ್ಣೆ ಕಾಶಮ್ಮನ ಮುಂಗೈ ಮೇಲೆ ಚೆಲ್ಲಿ ಚರ್ಮ ಬೊಬ್ಬೆ ಎದ್ದಿತು. ಮಗು ಬಿಡಿಸಿಕೊಂಡು ಮೂಲೆಗೆ ಓಡಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಪುಣ್ಯಾತ್ಗಿತ್ತಿ ನಿಲ್ಲಿಸಲಿಲ್ಲ. ಕೆನ್ನೆಗೆ ಒಂದು, ಎರಡು, ಮೂರು ಬಾರಿಸಿದಳು. ಮುದುಕಿಯ ತುಟಿ ಒಡೆಯಿತು, ತಲೆ ಗೋಡೆಗೆ ಬಡಿಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

"ಮಿಷನ್‌ಗೆ ಎಣ್ಣೆ ತಾಗ್ಬಾರ್ದು ಅಂತ ಬಿಚ್ಚಿಟ್ಟೇ ಹಾಕ್ತಿದ್ದೆ ಮಾರಾಯ್ತಿ" ಎಂದರು ಕಾಶಮ್ಮ, ರಕ್ತ ಒರೆಸಿಕೊಳ್ಳುತ್ತ.

ನಿಜ. ಒಗೆದ ಬಟ್ಟೆಯಲ್ಲಿ ಸುತ್ತಿ ದೇವರ ಮುಂದೆ ಇಟ್ಟಿದ್ದರು. ಅವರ ಪಾಲಿಗೆ ಮಿಷನ್ ಎಂದರೆ ಕಣ್ಣಿಗೆ ಕಾಣುವುದಷ್ಟೇ. ಕಿವಿಯೊಳಗೂ ಒಂದಿದೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ, ರಶ್ಮಿ ಕೂಡ.

ಕಾರು ತೆಗೆಯಲು ಹೋಗಿದ್ದ ಗಂಡ ಜ್ಞಾನೇಶ್ ಗದ್ದಲ ಕೇಳಿ ಒಳಗೆ ಬಂದ. ತಾಯಿಯ ಬಾಯಲ್ಲಿ ರಕ್ತ ಕಂಡವನೇ ಹೆಂಡತಿಯ ಕೂದಲು ಹಿಡಿದೆಳೆದು ಕಪಾಳಕ್ಕೆ ಬಿಗಿದ. ಅವಳು ಅವನ ಮಣಿಕಟ್ಟಿಗೆ ಹಲ್ಲು ನೆಟ್ಟಳು.

"ಕಾರಿನ ಕೀ ಕೊಡು. ಆಮೇಲೆ ಬಂದು ಕೊಲ್ಲು."

ಅವನು ಮತ್ತೆ ಕೈ ಎತ್ತಿದ. "ಬಿಡೋ ಅವಳನ್ನ" ಎಂದರು ನೆಲದ ಮೇಲಿದ್ದ ಕಾಶಮ್ಮ. "ಮೊದ್ಲು ಮಗೂನ ಕರ್ಕೊಂಡ್ ಹೋಗ್ಲಿ."

ಶಿವಮೊಗ್ಗದ ಸವಳಂಗ ರಸ್ತೆಯ ಆಸ್ಪತ್ರೆಯಲ್ಲಿ ಕಿವಿತಮಟೆಗೆ ಸಣ್ಣ ರಂಧ್ರ ಮಾಡಿ ಕೀವು ತೆಗೆದರು, ನರಕ್ಕೆ ಔಷಧಿ ಏರಿಸಿದರು. ಇಂಪ್ಲಾಂಟ್ ಉಳಿಯುತ್ತದೋ ಇಲ್ಲವೋ ಎಂದು ಒಂದು ವಾರ ಯಾರೂ ಬಾಯಿಬಿಡಲಿಲ್ಲ. ಊತ ಇಳಿಯುವವರೆಗೆ ಹೊರಗಿನ ಮಿಷನ್ ಹಾಕುವಂತಿರಲಿಲ್ಲ. ರಶ್ಮಿ ತಲೆ ಸವರಲು ಕೈ ಎತ್ತಿದಾಗಲೆಲ್ಲ ಮಗು ಕಣ್ಣು ಮುಚ್ಚಿ ಕುಗ್ಗುತ್ತಿತ್ತು. ನೋವಿರಬೇಕು ಎಂದುಕೊಂಡಳು.

ಹತ್ತನೆಯ ದಿನ ಮಿಷನ್ ಹಾಕಿದರು. ಸುಟ್ಟ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕಾಶಮ್ಮನೂ ಬಂದು ಬಾಗಿಲಲ್ಲಿ ನಿಂತಿದ್ದರು.

"ಚಿನ್ನೂ, ಕೇಳ್ತಿದ್ಯಾ?" ಎಂದಳು ರಶ್ಮಿ.

ಮಗು ತಟ್ಟನೆ ತಿರುಗಿತು. ಕೇಳುತ್ತಿತ್ತು. ರಶ್ಮಿ ಸಂತೋಷದಲ್ಲಿ ಇನ್ನಷ್ಟು ಹತ್ತಿರ ಬಾಗಿದಳು.

"ಅಮ್ಮ, ಅಜ್ಜಿಗೆ ಯಾಕೆ ಹೊಡ್ದೆ?"

ರಶ್ಮಿ ಬಾಗಿಲಲ್ಲಿದ್ದ ಅತ್ತೆಯ ಕಡೆ ತಿರುಗಿದಳು. ಅಮ್ಮನಿಗೆ ಕೇಳಿಸಲಿಲ್ಲವೇನೋ ಎಂದು ಮಗು ಇನ್ನೂ ಜೋರಾಗಿ ಕೇಳಿತು.