ಖಾನಾಪುರದ ಯಂತ್ರಕ್ಕೆ ಮುಯ್ಯಿ

ಸಿಟ್ಟು ಬಂದರೆ ಮನೆಯಲ್ಲಿ ಕೂತು ಕುದಿಯುವ ಪೈಕಿ ನಾನಲ್ಲ, ಬಸ್ಸು ಹತ್ತುತ್ತೇನೆ. ಎಂಬತ್ತೇಳನೆಯ ಇಸವಿಯ ಮಳೆಗಾಲದಲ್ಲೂ ಹಾಗೇ ಆಯಿತು. ಬೆಳಗಾವಿಯಿಂದ ಬಂದ ಸಮದ ನಮ್ಮ ಶಾಲೆಯ ಕಟ್ಟೆಯ ಮೇಲೆ ಕೂತು, ಚಹ ಪೂರ್ತಿ ಮುಗಿಸಿ, ಕಪ್ಪನ್ನು ನನ್ನ ಕೈಗೆ ಸಿಗದಷ್ಟು ದೂರ ಇಟ್ಟು ಬಾಯಿಬಿಟ್ಟ.

"ಬಾಯೋರ, ಸಿಟ್ಟಾಗಬ್ಯಾಡ್ರಿ. ಈ ಸಲದ ಕಸೂತಿ ನಿಮ್ಮ ಮಷೀನಿಗೆ ಬರೂದಿಲ್ಲಂತ. ಸರ ಹೇಳ್ಯಾರ."

ಈ ಕಸೂತಿ ಸೀರೆಯ ಮೇಲಿನದ್ದಲ್ಲ. ಕಂಪ್ಯೂಟರಿನಲ್ಲಿ ಗೆರೆ, ಬಳ್ಳಿ, ಗೋಪುರ, ಕನ್ನಡ ಅಕ್ಷರ ಬಿಡಿಸಲು ನಾವು ಮೂವರು ಕೂಡಿ ಕಟ್ಟಿದ ಪ್ರೋಗ್ರಾಮಿಗೆ ಇಟ್ಟ ಹೆಸರು. ಬೆಳಗಾವಿಯ ಕಾಲೇಜೊಂದರಲ್ಲಿ ಕಲಿಸುವ ಚನ್ನಬಸಯ್ಯ ಸರ್, ಅದೇ ಊರಿನಲ್ಲಿ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ ಇಟ್ಟ ಸಮದ, ಖಾನಾಪುರದಲ್ಲಿ ಗಣಿತ ಕಲಿಸುವ ಭೀಮಕ್ಕ, ಅಂದರೆ ನಾನು. ಮೂವರ ಕಂಪ್ಯೂಟರುಗಳೂ ಮೂರು ಜಾತಿಯವು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅದಕ್ಕೇ ಕಸೂತಿಯ ಮೇಲ್ಭಾಗ ಎಲ್ಲಕ್ಕೂ ಒಂದೇ, ತಳ ಮಾತ್ರ ಆಯಾ ಯಂತ್ರಕ್ಕೆ ಬೇರೆ. ಹಿಟ್ಟು ಒಂದೇ, ಒಲೆ ಬೇರೆ ಎಂದುಕೊಳ್ಳಿ. ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದೆವು. ಯಾರು ಬೇಕಾದರೂ ತಿದ್ದಬಹುದು, ತಿದ್ದಿದ್ದನ್ನು ನಮಗೂ ಕಳಿಸಬೇಕು, ಅಷ್ಟೇ ಕರಾರು. ಯುಗಾದಿಗೊಂದು, ನಾಗರಪಂಚಮಿಗೊಂದು ಹೊಸ ಆವೃತ್ತಿ ಹೊರಟು, ಟಪಾಲಿನಲ್ಲಿ ಧಾರವಾಡ, ಕೊಲ್ಲಾಪುರ, ಪಣಜಿ ಮುಟ್ಟುತ್ತಿತ್ತು.

ನಮ್ಮ ಯಂತ್ರದ ತಳ ಬರೆದವಳು ಹತ್ತನೆಯ ಇಯತ್ತೆಯ ಬಾಳವ್ವ. ನಾನು ಕಲಿಸಿದ್ದು ಒಂದು ಪಾಲು, ಅವಳು ತಾನೇ ಕೆದಕಿ ಕಲಿತದ್ದು ಮೂರು ಪಾಲು. ಈ ಕಡೆ ನಮ್ಮ ಹೆಡ್‌ಮಾಸ್ತರರಿಗೆ ಕಂಪ್ಯೂಟರಿನ ಕೋಣೆಯ ಮೇಲೆ ಕಣ್ಣು. ಮುರುಕು ಬೆಂಚು ಒಟ್ಟಲು ಅವರಿಗೆ ಅದೇ ಬೇಕು. "ನೋಡ್ರಿ, ಇದಕ್ಕ ಹೊಸಾದು ಬಂದೈತಿ, ಇದು ಇನ್ನೂ ಜೀವಂತ ಐತಿ" ಎಂದು ಪ್ರತಿ ಆವೃತ್ತಿಯನ್ನೂ ತೋರಿಸಿ ನಾನು ಕೋಣೆ ಉಳಿಸಿಕೊಂಡಿದ್ದೆ. ಈ ಸಲ ಬರಲಿಲ್ಲವೆಂದರೆ ಮುಗಿಯಿತು. ಯಂತ್ರ ಮೂಲೆಗೆ, ಬಾಳವ್ವ ಗದ್ದೆಗೆ.

ಆ ಮಧ್ಯಾಹ್ನವೇ ಸಮದನನ್ನು ಎಳೆದುಕೊಂಡು ಬೆಳಗಾವಿಗೆ, ಹಿಂದವಾಡಿಯ ಚನ್ನಬಸಯ್ಯನವರ ಮನೆಗೆ ಹೋದೆ. ಕೊಡೆ ಮಡಚುವುದಕ್ಕೂ ನಿಲ್ಲಲಿಲ್ಲ.

"ಬರ್ರಿ ಭೀಮಕ್ಕಾರ, ಕುಂದರ್ರಿ."

"ಕುಂದರಾಕ ಬಂದಿಲ್ರಿ ನಾ. ನಮ್ಮ ಯಂತ್ರ ಏನ ಪಾಪ ಮಾಡೇತಿ?"

"ಅದರ ಹೊಟ್ಟಿ ಸಣ್ಣದು. ಹೊಸಾದು ಅದರಾಗ ಹಿಡಿಯೂದಿಲ್ಲ. ಒಂದು ಸಾಲ್ಯಾಗಿನ ಒಂದು ಯಂತ್ರದ ಸಲುವಾಗಿ ಎಲ್ಲಾರೂ ನಿಂದ್ರಬೇಕೇನು?"

"ಹೊಟ್ಟಿ ಸಣ್ಣದಂತ ಕೂಸನ್ನ ಪಂಕ್ತಿಯಿಂದ ಎಬ್ಬಸ್ತೀರೇನು ನೀವು?"

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಸಿಗದಾಗ ಅವರು ಮಾಡುವುದೇ ಹಾಗೆ. ಸಮದ ನಡುವೆ ಬಾಯಿ ಹಾಕಿದ. "ಅರೇ, ಜಗಳ ಯಾಕ್ರಿ? ಪಂಚಮೀತನಕ ಯಾಳ್ಯಾ ಕೊಡೂಣು. ಹಿಡೀತಂದ್ರ ಖಾನಾಪುರ ಇರ್ಲಿ, ಹಿಡೀಲಿಲ್ಲಂದ್ರ ಬಿಟ್ಟಬಿಡೂಣು."

"ಆತು" ಎಂದರು ಸರ್. ನಾನೂ "ಆತು" ಎಂದೆ. ಬಾಳವ್ವ ಇದ್ದಾಳಲ್ಲ ಎಂಬ ಧೈರ್ಯ ನನ್ನದು.

ಮರುದಿನ ಶಾಲೆಗೆ ಹೋದರೆ ಬಾಳವ್ವನೇ ಇಲ್ಲ! ಭತ್ತದ ನಾಟಿ ಶುರುವಾಗಿತ್ತು. ಶಾಲೆಯ ಹಿಂದಿನ ಗದ್ದೆಗಳಲ್ಲೇ ಅವಳ ತಾಯಿ ನಿಂಗವ್ವ ಮಳೆಗೆ ಗೊರಬು ಹೊದ್ದು ಬಗ್ಗಿದ್ದಳು. ಬದುವಿನ ಮೇಲೆ ನಿಂತು ಕೂಗಿದೆ.

"ನಿಂಗವ್ವ, ಆಯಿತವಾರ ಒಂದಿನ ಹುಡುಗಿನ್ನ ಕೊಡವಾ. ಸಾಲಿ ಸೂಟಿ ಐತಿ, ಇಡೀ ದಿನ ಯಂತ್ರದ ಮುಂದ ಕುಂತ್ರ ಕೆಲಸ ಆಕ್ಕೈತಿ."

"ಆಗೂದಿಲ್ರಿ ಬಾಯೋರ. ನಮ್ಮ ನಾಟಿಗೆ ರಾಯಪ್ಪನ ಮನಿಯಾವ್ರು ಬಂದಿದ್ರು. ಆಯಿತವಾರ ಅವರ ಗದ್ದಿಗೆ ನಮ್ಮಾಕಿ ಹೋಗಬೇಕು. ಮುಯ್ಯಿ ತಪ್ಪಿಸಿದ್ರ ಬರೂ ವರ್ಸ ನಮ್ಮ ಗದ್ದ್ಯಾಗ ಯಾರ ಕಾಲಿಡ್ತಾರ? ನಿಮ್ಮ ಪೆಟಗಿ ಬಂದು ಸಸಿ ಹಚ್ಚತೈತೇನು?"

ಅವಳ ಮಾತು ಖರೆ. ನೀನು ನನ್ನ ಗದ್ದೆಗೆ ಬಂದರೆ ನಾನು ನಿನ್ನ ಗದ್ದೆಗೆ ಬರಬೇಕು. ಇದು ಊರು ಹುಟ್ಟಿದಾಗಿನಿಂದ ಬಂದ ಪದ್ಧತಿ. ಆದರೂ ಸುಮ್ಮನೆ ಕೇಳಿದೆ, "ಆಕಿ ಬದಲಿ ಬ್ಯಾರೆಯವ್ರು ಹೋದ್ರ ನಡೀತೈತೇನು?"

"ಎರಡ ಕೈ ಇದ್ದಾವ್ರು ಯಾರ ಬಂದ್ರೂ ನಡೀತೈತಿ."

ಓಡಿ ಪೋಸ್ಟಾಫೀಸಿಗೆ ಹೋಗಿ ಸಮದನ ಅಂಗಡಿಗೆ ಫೋನ್ ಹಚ್ಚಿಸಿದೆ. ಪುಣ್ಯಕ್ಕೆ ಸರ್ ಅಲ್ಲೇ ಕೂತಿದ್ದರು.

"ಸರ, ಯುಗಾದಿ ಹೊತ್ತಿನ್ಯಾಗ ನಿಮ್ಮ ಗೋಪುರ ತಲಿಕೆಳಗಾಗಿ ಪ್ರಿಂಟ್ ಆಕ್ಕಿತ್ತು. ತಿದ್ದಿಕೊಟ್ಟಾವ್ರು ಯಾರು?"

"ಬಾಳವ್ವ. ಯಾಕ್ರಿ?"

"ಹಂಗಾರ ಆಕಿ ಮುಯ್ಯಿ ನಿಮ್ಮ ಮ್ಯಾಲ ಐತಿ. ಆಯಿತವಾರ ಇಬ್ಬರೂ ಬರ್ರಿ. ಆಕಿ ಬದಲಿ ಗದ್ದ್ಯಾಗ ನಾಟಿ ಹಚ್ಚಬೇಕು."

"ನಾಟಿ? ನಾನು?" ಎಂದು ಸರ್ ಕೂಗಿದರು. ಹಿಂದಿನಿಂದ ಸಮದ ಹೊಟ್ಟೆ ಹಿಡಿದು ನಗುವುದು ಕೇಳಿಸಿತು.

ಬಂದರು! ಆಯಿತವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಬಸ್ಸಿನಿಂದ ಇಳಿದರು. ಸಮದ ಲುಂಗಿ ತಂದಿದ್ದ. ಚನ್ನಬಸಯ್ಯ ಸರ್ ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲ ತನಕ ಮಡಚಿ, ಬಿಳೀ ಕಾಲು ತೋರಿಸುತ್ತ ಶಾಲೆಯ ಹಿಂದಿನ ರಾಯಪ್ಪನ ಗದ್ದೆಯ ಬದುವಿನ ಮೇಲೆ ನಿಂತರು. ನಿಂಗವ್ವ ಇಬ್ಬರನ್ನೂ ದನದ ಸಂತೆಯಲ್ಲಿ ನೋಡುವಂತೆ ಮೇಲಿಂದ ಕೆಳಗೆ ನೋಡಿದಳು.

"ಇಬ್ಬರೂ ಕೂಡಿ ಒಬ್ಬಾಕಿ ಲೆಕ್ಕ" ಎಂದು ತೀರ್ಪು ಕೊಟ್ಟಳು. ಬಾಳವ್ವ ಕಾಲು ತೊಳೆದುಕೊಂಡು ಶಾಲೆಗೆ ಓಡಿದಳು, ಹಿಂದೆ ನಾನು.

ಸರ್ ತಂದುಕೊಟ್ಟ ಹೊಸ ಕಸೂತಿಯನ್ನು ಯಂತ್ರಕ್ಕೆ ತುಂಬಿದೆವು. ಜಾಗವಿಲ್ಲ ಎಂದಿತು. ಬಾಳವ್ವ ತನ್ನ ತಳ ಬಿಚ್ಚಿ ಕೂತಳು. ಎರಡು ಕಡೆ ಬರೆದದ್ದನ್ನು ಒಂದು ಕಡೆ ತಂದಳು, ಬಳ್ಳಿಗೂ ಗೋಪುರಕ್ಕೂ ಒಂದೇ ಗೆರೆಯ ಲೆಕ್ಕ ಸಾಕೆಂದಳು. ಮತ್ತೆ ತುಂಬಿದೆವು. ಮತ್ತೆ ಜಾಗವಿಲ್ಲ. ನಾನು ಸಲಹೆ ಕೊಡುತ್ತಲೇ ಇದ್ದೆ, ಅವಳು "ಹೂಂನ್ರಿ" ಎನ್ನುತ್ತ ತನಗೆ ಸರಿಕಂಡದ್ದನ್ನೇ ಮಾಡುತ್ತಲೇ ಇದ್ದಳು. ಕಿಟಕಿಯ ಆಚೆಯಿಂದ ಹೆಂಗಸರ ನಗು ಬಿಟ್ಟೂ ಬಿಡದೆ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳು ಕೈಚೆಲ್ಲಿದಳು. "ನಂದ್ರಾಗ ತಗಿಯೂದು ಏನೂ ಉಳದಿಲ್ರಿ ಬಾಯೋರ. ಇನ್ನೊಂಚೂರು ಸಾಲವಲ್ದು. ಉಳದದ್ದು ಮ್ಯಾಲಿಂದು. ಸರಂದು ನಂದಿ."

ಬೆಳಗಾವಿಯ ಯಂತ್ರಗಳಲ್ಲಿ ಹೊಸ ಕಸೂತಿ ಶುರುವಾಗುವಾಗ ಪರದೆಯ ತುಂಬ ಒಂದು ನಂದಿ ಬಂದು, ಗಂಟೆ ಅಲ್ಲಾಡಿಸಿ, ಕೆಳಗೆ ದಪ್ಪಕ್ಷರದಲ್ಲಿ 'ಚನ್ನಬಸಯ್ಯ ವಿರಚಿತ' ಎಂದು ಮಿನುಗುತ್ತಿತ್ತು. ಈ ಆವೃತ್ತಿಗೆಂದೇ ಅವರು ಬೇಸಿಗೆ ರಜೆಯೆಲ್ಲ ಕೂತು ಮಾಡಿದ್ದು. ಅದನ್ನು ಮುಟ್ಟಿದರೆ ಹಾವಿನ ಹೆಡೆ ಮುಟ್ಟಿದಂತೆ. ಬಾಳವ್ವ ಪರದೆಯನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಅಳುವ ಹುಡುಗಿಯಲ್ಲ ಅವಳು. ನಾನು ಎದ್ದು ಗದ್ದೆಗೆ ಹೋದೆ.

ಸರ್ ಮೊಣಕಾಲಿನವರೆಗೆ ಕೆಸರಿನಲ್ಲಿದ್ದರು. ಅವರು ಹಚ್ಚಿದ ಸಾಲು ಎತ್ತು ಉಚ್ಚೆ ಹೊಯ್ದ ಹಾಗೆ ಹೋಗಿತ್ತು. ಅವರ ಹಿಂದೆ ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಸಸಿ ಸರಿಪಡಿಸುತ್ತ ಬರುತ್ತಿದ್ದಳು.

"ಸರ, ಇನ್ನೊಂಚೂರು ಜಾಗ ಸಾಲೂದಿಲ್ಲ. ಬಾಳವ್ವ ತನ್ನದೆಲ್ಲಾ ಕಡದಾಳ. ಉಳದದ್ದು ನಿಮ್ಮ ನಂದಿ."

ಅವರು ಸೊಂಟ ಹಿಡಿದು ನೆಟ್ಟಗಾದರು. ಕನ್ನಡಕ ಒರೆಸೋಣವೆಂದರೆ ಕೈ ತುಂಬ ಕೆಸರು.

"ಸರ, ಮಾತಾಡಕೋತ ಹಚ್ಚರಿ, ಸಾಲು ನಿಂತೈತಿ" ಎಂದಳು ನಿಂಗವ್ವ.

ಸರ್ ಬಗ್ಗಿದರು. ಒಂದು ಸಸಿ ಹಚ್ಚಿದರು, ಇನ್ನೊಂದು ಹಚ್ಚಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು. "ತಗದಬಿಡ್ರಿ. ಹೆಸರೂ ತಗೀರಿ. ನಮ್ಮ ಯಂತ್ರದಾಗಿಂದೂ ತಗೀರಿ, ಎಲ್ಲಾರದೂ ಒಂದ ನಮೂನಿ ಇರ್ಲಿ."

"ಖರೇನ್ರಿ?"

"ಖರೇ ಅಂದ್ರ ಖರೇ. ಲಗೂ ಹೋಗ್ರಿ ಮಾರಾಯ್ತಿ, ನನ್ನ ಮನಸ ತಿರಗೂದರಾಗ!"

ಓಡಿದೆ. ನನ್ನ ವಯಸ್ಸಿನಲ್ಲಿ, ಆ ಜಾರುವ ಬದುವಿನ ಮೇಲೆ, ಸೀರೆ ಎತ್ತಿಕೊಂಡು ಓಡಿದೆ. ಬಾಳವ್ವನ ಬೆರಳುಗಳು ಪಟಪಟ ಆಡಿದವು. ತುಂಬಿದೆವು. ಪರದೆ ಒಂದು ಗಳಿಗೆ ಕಪ್ಪಾಗಿಯೇ ಇತ್ತು. ಆಮೇಲೆ ತಳದಿಂದ ಒಂದು ಗೆರೆ ಎದ್ದಿತು.

"ಹಿಡೀತ್ರೀ!" ಎಂದು ಬಾಳವ್ವ ಕಿಟಕಿಯಿಂದ ಚೀರಿದ್ದಕ್ಕೆ ಗದ್ದೆಯ ಕೊಕ್ಕರೆಗಳೆಲ್ಲ ಹಾರಿಹೋದವು.

ಎಲ್ಲರೂ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತರು. ಪರದೆಯಲ್ಲಿ ಗೋಪುರ ಅಂತಸ್ತಿನ ಮೇಲೆ ಅಂತಸ್ತಾಗಿ ಏಳುತ್ತಿತ್ತು. ಸಮದ ಸೀಟಿ ಹೊಡೆದ.

ನಿಂಗವ್ವ ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದಳು. "ಇದು ಎಲ್ಲೆಲ್ಲಿ ಹೊಕ್ಕೈತ್ರಿ?"

"ಬೆಳಗಾಂವಿ, ಧಾರವಾಡ, ಕೊಲ್ಲಾಪುರ, ಪಣಜಿ" ಎಂದ ಸಮದ.

"ನಮ್ಮ ಬಾಳವ್ವ ಮಾಡಿದ್ದು?"

"ಎಲ್ಲಾರೂ ಕೂಡಿ ಮಾಡಿದ್ದವಾ" ಎಂದರು ಸರ್. "ಆದ್ರ ಖಾನಾಪುರದ ಯಂತ್ರ ಇದರಾಗ ಉಳದದ್ದು ಆಕಿಯಿಂದ. ಆಕಿ ಅದರ ಮುಂದ ಕುಂದ್ರೂತನಕ ಅದನ್ನ ಯಾರೂ ಬಿಡೂದಿಲ್ಲ. ನಾನೂ ಬಿಡೂದಿಲ್ಲ."

ನಿಂಗವ್ವ ಸೆರಗಿಗೆ ಕೈ ಒರೆಸಿಕೊಂಡು, ಒದ್ದೆಯಿಲ್ಲವೆಂದು ನೋಡಿಕೊಂಡು, ಮಗಳ ತಲೆಯ ಮೇಲೆ ಇಟ್ಟಳು. "ನಾಳಿಗೂ ರಾಯಪ್ಪನ ಗದ್ದಿ ಐತಿ" ಎಂದಳು. ಬಾಳವ್ವನ ಮುಖ ಬಾಡಿತು. "ನೀ ಬರಬ್ಯಾಡ. ಇಲ್ಲೇ ಕುಂದ್ರು."

ಆಮೇಲೆ ಚನ್ನಬಸಯ್ಯನವರ ಕಡೆ ತಿರುಗಿದಳು. "ಸರ, ನೀವ ಮುಂಜಾನಿ ಲಗೂ ಬರ್ರಿ."

ಸರ್ ಸೊಂಟ ಹಿಡಿದುಕೊಂಡೇ ಹೇಳಿದರು, "ಮೊದಲನೇ ಬಸ್ಸಿಗೆ ಬರ್ತೀನವಾ."